ಸಂಜೆ ಕಾಫಿ ಬಿಡಲಾರದವರಿಗೆ: ಮನೆಯಲ್ಲಿ ಒಳ್ಳೇ ಡೀಕ್ಯಾಫ್

ಚಿಕ್ಕಮಗಳೂರಿನ ಪುಡಿ ಅಂಗಡಿಯಲ್ಲಿ ನಿಂತು 'ಡೀಕ್ಯಾಫ್ ಇದೆಯಾ?' ಅಂತ ಕೇಳಿದರೆ ಪುಡಿಗಿಂತ ಮೊದಲು ಸಿಗುವುದು ಒಂದು ನೋಟ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡ ನೋಟ ಅದು. ಕಾಫಿ ಬೆಳೆಯುವ ಸೀಮೆಯಲ್ಲಿ ಕೆಫೀನ್ ತೆಗೆದ ಕಾಫಿಯೆಂದರೆ ಪಥ್ಯದ ಗಂಜಿಯ ಸಾಲಿಗೇ ಸೇರಿದ್ದು. ಡಾಕ್ಟರ್ ಹೇಳಿದರೆ ಕುಡಿಯಬೇಕು, ಇಲ್ಲದಿದ್ದರೆ ಅದರ ಸುದ್ದಿಗೇ ಹೋಗಬಾರದು.

ಆದರೆ ಸಂಜೆ ಐದಕ್ಕೆ ಕಾಫಿ ಬೇಕೇ ಬೇಕು, ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ ಎನ್ನುವವರು ಹಾಸನ, ಸಕಲೇಶಪುರ, ಮೂಡಿಗೆರೆ ಎಲ್ಲ ಕಡೆಯೂ ಇದ್ದಾರೆ. ಕೆಫೀನ್ ಮೈಯಿಂದ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಇನ್ನೂ 50 ಮಿಲಿಗ್ರಾಂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಗರ್ಭಿಣಿಯರಲ್ಲಿ ಇದಕ್ಕೆ ಇನ್ನೂ ಬಹಳ ಹೊತ್ತು ಹಿಡಿಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ನಿಧಾನ. ಹಾಗಾಗಿ 'ನಾನು ಕುಡಿದು ಮಲಗಿದರೆ ಗೊರಕೆ' ಎನ್ನುವ ಭಾವನ ಮಾತು ನಿಮಗೆ ಲೆಕ್ಕಕ್ಕಿಲ್ಲ.

ನನ್ನ ಪ್ರಕಾರ ಡೀಕ್ಯಾಫ್‌ಗೆ ಕೆಟ್ಟ ಹೆಸರು ಬಂದದ್ದು ಕೆಫೀನ್ ಹೋದದ್ದರಿಂದ ಅಲ್ಲ. ಎಂದೋ ಹುರಿದ ಬೀಜ, ಕರಕಲು ಹುರಿತ, ಅದರ ಮೇಲೆ ನಾವು ಸುರಿಯುವ ಲೋಟದ ತುಂಬ ಹಾಲು, ಈ ಮೂರರಿಂದ. ಮೂರನ್ನೂ ಸರಿ ಮಾಡಿಕೊಳ್ಳಬಹುದು.

ಮೊದಲು ನಿಮ್ಮ ಡಬ್ಬಿಯಲ್ಲಿ ಏನಿದೆ ನೋಡಿ

ಹೊಸದನ್ನು ಕೊಳ್ಳುವ ಮುಂಚೆ ಈಗ ಕುಡಿಯುತ್ತಿರುವುದರ ಲೆಕ್ಕ ಹಾಕಿ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ. 1.2, ರೋಬಸ್ಟಾದಲ್ಲಿ ಸುಮಾರು ಶೇ. 2.2. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನೇ ಇಲ್ಲ. ಒಂದು ದೊಡ್ಡ ಲೋಟಕ್ಕೆ ಹತ್ತು ಗ್ರಾಂ ಪುಡಿ ಬೀಳುತ್ತದೆ ಅಂದುಕೊಳ್ಳಿ. ಅಷ್ಟೂ ರೋಬಸ್ಟಾ ಆದರೆ ಪುಡಿಯಲ್ಲಿ 220 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೂ ಅರೇಬಿಕಾ ಆದರೆ 120. ಅರೇಬಿಕಾ 60, ಚಿಕೋರಿ 40 ಮಿಶ್ರಣವಾದರೆ 72. ಡೀಕ್ಯಾಫ್ ಆದರೆ 10 ಮಿಲಿಗ್ರಾಂ, ಅಥವಾ ಅದಕ್ಕೂ ಕಡಿಮೆ. ನಮ್ಮ ಫಿಲ್ಟರ್‌ನಲ್ಲಿ ಪುಡಿ ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಯುವುದರಿಂದ ಇದರ ಬಹುಪಾಲು ಡಿಕಾಕ್ಷನ್‌ಗೆ ಇಳಿದೇ ಇಳಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎಂದಿದೆ. ತೋಟದ ರೋಬಸ್ಟಾವನ್ನೇ ಮನೆಯಲ್ಲಿ ಹುರಿದು, ಕುಟ್ಟಿ, ಬೆಳಿಗ್ಗೆ ಒಂದು ಸಂಜೆ ಒಂದು ದೊಡ್ಡ ಲೋಟ ಕುಡಿಯುವವರು ಎರಡೇ ಲೋಟಕ್ಕೆ ಆ ಗೆರೆ ದಾಟಿಬಿಟ್ಟಿರುತ್ತಾರೆ. ಇಂಥವರಿಗೆ ನಾನು ಹೇಳುವುದಿಷ್ಟು: ಮೊದಲು ಅರೇಬಿಕಾಕ್ಕೆ ಬನ್ನಿ. ಅಲ್ಲಿಗೇ ಹೆಚ್ಚು ಕಡಿಮೆ ಅರ್ಧ ಇಳಿಯುತ್ತದೆ. ನಿದ್ದೆ ಸರಿಹೋದರೆ ಡೀಕ್ಯಾಫ್‌ನ ದುಡ್ಡು ಉಳಿಯಿತು.

ಕೆಲವರು 'ಮೊದಲ ಡಿಕಾಕ್ಷನ್ ಚೆಲ್ಲಿ ಎರಡನೆಯದು ಕುಡಿದರೆ ಕೆಫೀನ್ ಇರಲ್ಲ' ಅನ್ನುತ್ತಾರೆ. ಕೆಫೀನ್ ಕಡಿಮೆಯಾಗುವುದು ನಿಜ, ಜೊತೆಗೆ ರುಚಿ, ಪರಿಮಳ ಎಲ್ಲವೂ ಆ ಮೊದಲ ಡಿಕಾಕ್ಷನ್‌ನಲ್ಲೇ ಹೋಗಿರುತ್ತದೆ. ಉಳಿಯುವುದು ಕಂದು ಬಣ್ಣದ ಬಿಸಿನೀರು. ಕಪ್ಪಗೆ ಹುರಿದರೆ ಕೆಫೀನ್ ಸುಟ್ಟುಹೋಗುತ್ತದೆ ಎಂಬುದೂ ಅಂಥದ್ದೇ ನಂಬಿಕೆ. ಹುರಿಯುವ ಶಾಖಕ್ಕೆ ಅದು ಹೆಚ್ಚೇನೂ ಜಗ್ಗುವುದಿಲ್ಲ.

ಕೆಫೀನ್ ತೆಗೆಯುವುದು ಹೇಗೆ, ಪೊಟ್ಟಣದ ಮೇಲಿನ ಹೆಸರುಗಳ ಅರ್ಥವೇನು

'ಕೆಮಿಕಲ್ ಹಾಕ್ತಾರಂತಲ್ಲ?' ಇದು ಎಲ್ಲರೂ ಕೇಳುವ ಪ್ರಶ್ನೆ. ಕೇಳಬೇಕಾದ್ದೇ. ಶುರುವಾದಾಗ ಹಾಕುತ್ತಿದ್ದದ್ದು ನಿಜಕ್ಕೂ ಕೆಟ್ಟ ರಾಸಾಯನಿಕವೇ. ಜರ್ಮನಿಯ ಬ್ರೆಮೆನ್ ಊರಿನ ಕಾಫಿ ವ್ಯಾಪಾರಿ ಲುಡ್ವಿಗ್ ರೊಸೆಲಿಯಸ್ 20ನೇ ಶತಮಾನದ ಮೊದಲ ದಶಕದಲ್ಲಿ ಬೀಜಕ್ಕೆ ಹಬೆ ಹಿಡಿದು, ಬೆಂಜೀನ್‌ನಿಂದ ತೊಳೆದು ಕೆಫೀನ್ ತೆಗೆಯುವ ದಾರಿ ಕಂಡುಕೊಂಡ. ಹಡಗಿನಲ್ಲಿ ಬರುವಾಗ ಸಮುದ್ರದ ನೀರು ತಾಗಿದ ಬೀಜದಲ್ಲಿ ರುಚಿ ಹೆಚ್ಚು ಕೆಡದೆ ಕೆಫೀನ್ ಹೋಗಿದ್ದದ್ದೇ ಅವನಿಗೆ ಸುಳಿವು ಕೊಟ್ಟಿತೆಂದು ಹೇಳುತ್ತಾರೆ. ಬೆಂಜೀನ್ ಕ್ಯಾನ್ಸರ್‌ಕಾರಕ ಎಂದು ಆಮೇಲೆ ತಿಳಿದು ಆ ವಿಧಾನವನ್ನು ಕೈಬಿಟ್ಟರು. ಈಗ ಇರುವುದು ನಾಲ್ಕು ದಾರಿ. ಎಲ್ಲದರಲ್ಲೂ ಕೆಲಸ ನಡೆಯುವುದು ಹಸಿ ಬೀಜದ ಮೇಲೆ, ಹುರಿಯುವ ಮುಂಚೆ.

ಬಹಳ ಹಿಂದಿನಿಂದ ಬಂದದ್ದು ಮೆಥಿಲೀನ್ ಕ್ಲೋರೈಡ್. ಬೀಜಕ್ಕೆ ಹಬೆ ಕೊಟ್ಟು ಉಬ್ಬಿಸಿ, ಈ ದ್ರಾವಕದಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಅದು ಕುದಿಯುವುದೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕಾಫಿ ಹುರಿಯುವುದು 200 ಡಿಗ್ರಿಯ ಮೇಲೆ. ಹಾಗಾಗಿ ಕೊನೆಗೆ ಉಳಿಯುವುದು ಅತ್ಯಲ್ಪ. ಅಮೆರಿಕದಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗದ ಮಿತಿಯಿದೆ, ಯೂರೋಪಿನಲ್ಲಿ 2. ರುಚಿ ಚೆನ್ನಾಗಿಯೇ ಉಳಿಯುತ್ತದೆ. ಆದರೂ ಮನಸ್ಸು ಒಪ್ಪದಿದ್ದರೆ ಬಿಡಿ, ಬೇರೆಯವು ಇವೆಯಲ್ಲ.

ಎರಡನೆಯದು ಈಥೈಲ್ ಅಸಿಟೇಟ್. ಬಾಳೆ, ಸೇಬಿನಂಥ ಹಣ್ಣುಗಳಲ್ಲಿ ತಾನಾಗಿಯೇ ಇರುವ ವಸ್ತು. ಕೊಲಂಬಿಯಾದಲ್ಲಿ ಇದನ್ನು ಕಬ್ಬಿನಿಂದ ಮಾಡುತ್ತಾರೆ, ಅದಕ್ಕೇ ಪೊಟ್ಟಣದ ಮೇಲೆ 'ಶುಗರ್‌ಕೇನ್ ಪ್ರೋಸೆಸ್' ಎಂದಿರುತ್ತದೆ. 'ಶುಗರ್' ಕಂಡು ಸಕ್ಕರೆ ಕಾಯಿಲೆಯವರು ಹೆದರಬೇಕಿಲ್ಲ, ಅದರಲ್ಲಿ ಸಕ್ಕರೆ ಇಲ್ಲ. ಈ ಕಾಫಿಯಲ್ಲಿ ಒಂದು ಬಗೆಯ ಹಣ್ಣಿನ ಸಿಹಿ ಬರುತ್ತದೆ, ಬೆಲ್ಲ ಹಾಕಿ ಕುಡಿಯುವ ನಮ್ಮ ನಾಲಿಗೆಗೆ ಒಗ್ಗುತ್ತದೆ.

ಮೂರನೆಯದು ಬರೀ ನೀರು. 'ಸ್ವಿಸ್ ವಾಟರ್' ಎನ್ನುವುದು ಇದೇ. ಹೆಸರು ಸ್ವಿಟ್ಜರ್ಲೆಂಡಿನದು, ಕಾರ್ಖಾನೆ ಕೆನಡಾದಲ್ಲಿದೆ. ಮೆಕ್ಸಿಕೋದಲ್ಲಿ ಆಗುವುದಕ್ಕೆ 'ಮೌಂಟನ್ ವಾಟರ್' ಎನ್ನುತ್ತಾರೆ. ಉಪಾಯ ಚೆಂದದ್ದು. ಬರೀ ನೀರಲ್ಲಿ ನೆನೆಸಿದರೆ ಕೆಫೀನ್ ಜೊತೆ ರುಚಿಯೂ ಕರಗಿ ಹೋಗುತ್ತದೆ. ಅದಕ್ಕೆ ಮೊದಲೇ ಕಾಫಿಯ ಸಾರವೆಲ್ಲ ತುಂಬಿಕೊಂಡ, ಆದರೆ ಕೆಫೀನ್ ಇಲ್ಲದ ನೀರನ್ನು ತಯಾರಿಸಿ ಅದರಲ್ಲಿ ಬೀಜ ನೆನೆಸುತ್ತಾರೆ. ನೀರಿಗೆ ರುಚಿಯನ್ನು ಇನ್ನಷ್ಟು ಹೀರಲು ಜಾಗವಿಲ್ಲ, ಕೆಫೀನ್‌ಗೆ ಮಾತ್ರ ಇದೆ. ಬೀಜದಿಂದ ಕೆಫೀನ್ ಒಂದೇ ಹೊರಗೆ ಬರುತ್ತದೆ, ಆ ನೀರನ್ನು ಇದ್ದಿಲಿನ ಮೂಲಕ ಹಾಯಿಸಿ ಮತ್ತೆ ಬಳಸುತ್ತಾರೆ. ದ್ರಾವಕ ಬೇಡ ಎನ್ನುವವರಿಗೆ ಇದೇ ಸರಿ. ರುಚಿ ಶುದ್ಧವಾಗಿರುತ್ತದೆ, ಕೆಲವೊಮ್ಮೆ ತುಸು ಸಪ್ಪೆ.

ನಾಲ್ಕನೆಯದು ಕಾರ್ಬನ್ ಡೈಆಕ್ಸೈಡ್. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕುರ್ಟ್ ಝೋಸೆಲ್ 1967ರಲ್ಲಿ ಕಂಡುಕೊಂಡದ್ದು. 31 ಡಿಗ್ರಿ ಸೆಲ್ಸಿಯಸ್ ದಾಟಿ, ವಾಯುಮಂಡಲದ ಒತ್ತಡದ 73 ಪಟ್ಟಿಗೂ ಮಿಗಿಲಾಗಿ ಒತ್ತಿದರೆ ಈ ಅನಿಲ ಅತ್ತ ಅನಿಲವೂ ಅಲ್ಲ ಇತ್ತ ದ್ರವವೂ ಅಲ್ಲ ಎನ್ನುವ ಸ್ಥಿತಿಗೆ ಬರುತ್ತದೆ. ಆಗ ಬೀಜದೊಳಗೆ ನುಗ್ಗಿ ಹೆಚ್ಚಾಗಿ ಕೆಫೀನನ್ನೇ ಹೆಕ್ಕಿ ತರುತ್ತದೆ. ಯಂತ್ರಕ್ಕೆ ಭಾರೀ ಬಂಡವಾಳ ಬೇಕು, ಆದ್ದರಿಂದ ದೊಡ್ಡ ಕಂಪನಿಗಳ ಕೆಲಸ ಇದು. ತೆಗೆದ ಕೆಫೀನ್ ವ್ಯರ್ಥವಾಗುವುದಿಲ್ಲ. ತಂಪು ಪಾನೀಯಕ್ಕೂ ಮಾತ್ರೆಗೂ ಹೋಗುತ್ತದೆ.

ತೋಟ ಇರುವವರು ಕೇಳುವ ಇನ್ನೊಂದು ಪ್ರಶ್ನೆ: ನಮ್ಮ ಕಣದಲ್ಲೇ ಒಣಗಿದ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ಒಳಹೊಟ್ಟಿನ ಸಮೇತ ಒಣಗಿಸಿದ ಬೀಜ) ಡೀಕ್ಯಾಫ್ ಮಾಡಿಸಬಹುದಾ? ಮನೆಯಲ್ಲಂತೂ ಆಗದು, ಮೂಟೆ ಎರಡು ಮೂಟೆಗೆ ಕಾರ್ಖಾನೆಯೂ ಬಾಗಿಲು ತೆಗೆಯುವುದಿಲ್ಲ, ಅಲ್ಲಿ ಲೆಕ್ಕ ಟನ್‌ನಲ್ಲಿ. ಹುಟ್ಟಾ ಕೆಫೀನ್ ಇಲ್ಲದ ಕಾಫಿ ಗಿಡಗಳೂ ಇವೆ. ಕ್ಯಾಮೆರೂನ್ ಕಾಡಿನಲ್ಲಿ ಸಿಕ್ಕ ಚಾರಿಯೆರಿಯಾನಾ ಅಂಥದ್ದು. ಆದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಬೆಳೆಗಾರರ ಜೊತೆ ನಿಂತು ಬೆಳೆಸಿದ ಎಸ್. 795, ಚಂದ್ರಗಿರಿ ಎಲ್ಲವೂ ಕೆಫೀನ್ ಇರುವ ಗಿಡಗಳೇ. ಸದ್ಯಕ್ಕೆ ಕೆಫೀನ್ ತೆಗೆದ ಬೀಜವನ್ನು ಕೊಳ್ಳುವುದೊಂದೇ ದಾರಿ.

ಕೊಳ್ಳುವಾಗ

ಮೊದಲು ನೋಡಬೇಕಾದ್ದು ಹುರಿದ ದಿನಾಂಕ. ಇದರ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೆಫೀನ್ ತೆಗೆಯುವಾಗ ಬೀಜ ಒಮ್ಮೆ ನೆನೆದು, ಉಬ್ಬಿ, ಮತ್ತೆ ಒಣಗಿರುತ್ತದೆ. ಒಳಗಿನ ಕಟ್ಟು ಸಡಿಲವಾಗಿರುತ್ತದೆ. ಆದ್ದರಿಂದ ಹುರಿದ ಮೇಲೆ ಮಾಮೂಲಿ ಬೀಜಕ್ಕಿಂತ ಬೇಗ ಪರಿಮಳ ಕಳೆದುಕೊಳ್ಳುತ್ತದೆ, ಬೇಗ ಎಣ್ಣೆ ಬಿಡುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ತಿಂಗಳು, 'ಇಷ್ಟು ತಿಂಗಳೊಳಗೆ ಬಳಸಿ' ಮಾತ್ರ ಇದ್ದು ಹುರಿದ ದಿನ ಇಲ್ಲದಿದ್ದರೆ ಅದನ್ನು ಅಲ್ಲೇ ಇಡಿ. ಹುರಿದು ಒಂದು ತಿಂಗಳೊಳಗಿನದು ಸಿಕ್ಕರೆ ತನ್ನಿ. ಸ್ಪೆಷಾಲಿಟಿ ಕಾಫಿ ಹುರಿಯುವವರು ಆನ್‌ಲೈನ್‌ನಲ್ಲಿ ಆರ್ಡರ್ ಬಂದ ಮೇಲೆ ಹುರಿದು ಕಳಿಸುತ್ತಾರೆ, ಡೀಕ್ಯಾಫ್‌ಗೆ ಅದೇ ವಾಸಿ.

ಬಣ್ಣ ನೋಡಿ ಮೋಸಹೋಗಬೇಡಿ. ಡೀಕ್ಯಾಫ್‌ನ ಹಸಿ ಬೀಜವೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹುರಿದರೆ ಇನ್ನೂ ಕಪ್ಪಾಗಿ ಕಾಣುತ್ತದೆ. ಮಧ್ಯಮ ಹುರಿತವನ್ನು ಕರಕಲು ಎಂದು ಬಿಟ್ಟು ಬರುವವರಿದ್ದಾರೆ. ಮೂಸಿ ನೋಡಿ: ಸುಟ್ಟ ರಬ್ಬರಿನ ಘಾಟು, ಹಳೇ ಕಡಲೆ ಎಣ್ಣೆಯ ವಾಸನೆ ಬಂದರೆ ಬೇಡ. ಸುಟ್ಟ ಬ್ರೆಡ್ಡು, ಕೋಕೋ, ಬೆಲ್ಲದ ಪಾಕದ ಪರಿಮಳ ಬಂದರೆ ತೊಂದರೆಯಿಲ್ಲ. ನಮ್ಮ ಫಿಲ್ಟರ್‌ಗೆ ಮಧ್ಯಮ ಅಥವಾ ಅದಕ್ಕಿಂತ ಒಂದು ಗೆರೆ ಮೇಲಿನ ಹುರಿತ ಸಾಕು.

ಪುಡಿ ಅಂಗಡಿಯಲ್ಲಿ ಕೊಳ್ಳುವುದಾದರೆ ಮೂರು ವಿಷಯ ಕೇಳಿ. ಚಿಕೋರಿ ಎಷ್ಟು? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಬರೆದಿರಬೇಕು. ಡೀಕ್ಯಾಫ್‌ನಲ್ಲಿ ಚಿಕೋರಿ ಶೇ. 15-20 ದಾಟದಿರಲಿ; ಮೊದಲೇ ಮೆತ್ತಗಿರುವ ಕಾಫಿ ರುಚಿಯನ್ನು ಅದು ಪೂರ್ತಿ ಮುಚ್ಚಿಬಿಡುತ್ತದೆ. ಎರಡನೆಯದು, ಅರೇಬಿಕಾವೋ ರೋಬಸ್ಟಾವೋ? ಮೂರನೆಯದು, ಬೀಸುವ ಯಂತ್ರದಲ್ಲಿ ಈಗಷ್ಟೇ ಏನು ಬೀಸಿದರು? ಹಿಂದಿನ ಗಿರಾಕಿಯ ಪೀಬೆರಿ (ದುಂಡು ಬೀಜದ ಮಾಮೂಲಿ ಕಾಫಿ) ಪುಡಿ ಯಂತ್ರದಲ್ಲಿ ಉಳಿದಿದ್ದರೆ ಅದು ನಿಮ್ಮ ಡೀಕ್ಯಾಫ್‌ಗೇ ಬಂದು ಬೀಳುತ್ತದೆ. ಒಂದು ಹಿಡಿ ಡೀಕ್ಯಾಫ್ ಬೀಸಿ ಅದನ್ನು ಬದಿಗಿಟ್ಟು ಉಳಿದದ್ದು ಬೀಸಿಕೊಡಿ ಎಂದರೆ ಯಾರೂ ಬೇಸರ ಮಾಡುವುದಿಲ್ಲ.

ಇನ್‌ಸ್ಟಂಟ್ ಡೀಕ್ಯಾಫ್ ಬಾಟಲಿ ಸೂಪರ್ ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಪ್ರಯಾಣಕ್ಕೆ, ಆಸ್ಪತ್ರೆಗೆ ಒಯ್ಯಲು ಸರಿ. ಫಿಲ್ಟರ್ ಕಾಫಿ ಕುಡಿದು ಬೆಳೆದವರು ಇದರಿಂದ ಡೀಕ್ಯಾಫ್‌ನ ರುಚಿ ತೀರ್ಮಾನಿಸಬಾರದು.

ಇನ್ನು 'ಡೀಕ್ಯಾಫ್' ಎಂದರೆ ಪೂರ್ತಿ ಸೊನ್ನೆ ಅಲ್ಲ. ಯೂರೋಪಿನ ನಿಯಮದಂತೆ ಹುರಿದ ಡೀಕ್ಯಾಫ್‌ನಲ್ಲಿ ಕೆಫೀನ್ ಶೇ. 0.1 ಮೀರಬಾರದು, ಇನ್‌ಸ್ಟಂಟ್‌ನಲ್ಲಿ ಶೇ. 0.3. ಲೋಟಕ್ಕೆ ಕೆಲವೇ ಮಿಲಿಗ್ರಾಂ. ಸಂಜೆ ಒಂದು ಲೋಟಕ್ಕೆ ಇದು ಏನೂ ಅಲ್ಲ, ದಿನಕ್ಕೆ ಎಂಟು ಲೋಟ ಕುಡಿದರೆ ಲೆಕ್ಕಕ್ಕೆ ಬರುತ್ತದೆ.

ಇಟ್ಟುಕೊಳ್ಳುವುದು

ಒಮ್ಮೆಗೆ 100-200 ಗ್ರಾಂಗಿಂತ ಹೆಚ್ಚು ತರಬೇಡಿ. ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವ ಮಲೆನಾಡಿದು, ಬಾಯಿ ತೆರೆದ ಪುಡಿ ವಾರದಲ್ಲಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ, ಒಲೆಯಿಂದ ದೂರ, ಒದ್ದೆ ಚಮಚ ಹಾಕದೆ. ದಿನಾ ತೆಗೆದು ಹಾಕುವ ಡಬ್ಬಿ ಫ್ರಿಜ್ಜಿನಲ್ಲಿ ಬೇಡ, ಹೊರಗೆ ತಂದಾಗಲೆಲ್ಲ ಒಳಗೆ ತೇವ ಕೂರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ಇಲ್ಲವಾದರೆ ಬೆಳಿಗ್ಗೆ ಮನೆಯವರೆಲ್ಲ ಡೀಕ್ಯಾಫ್ ಕುಡಿದು, ಮಧ್ಯಾಹ್ನದ ಹೊತ್ತಿಗೆ ತಲೆನೋವೆಂದು ಕೂತು, ಕಾರಣ ಹುಡುಕುತ್ತಿರುತ್ತಾರೆ.

ಡಿಕಾಕ್ಷನ್ ಇಳಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಮಾಮೂಲಿ ಅಳತೆಯಲ್ಲಿ ಡೀಕ್ಯಾಫ್ ಹಾಕಿದರೆ ಸಾಮಾನ್ಯವಾಗಿ ತೆಳ್ಳಗಾಗುತ್ತದೆ.

ಇಬ್ಬರಿಗೆ ಸುಮಾರು 25 ಗ್ರಾಂ ಪುಡಿ ತೆಗೆದುಕೊಳ್ಳಿ, ಅಂದರೆ ಚಿಕೋರಿ ಇರುವ ಪುಡಿಗೆ ಹಾಕುವುದಕ್ಕಿಂತ ಒಂದು ದೊಡ್ಡ ಚಮಚ ಜಾಸ್ತಿ. ಫಿಲ್ಟರ್‌ನ ಮೇಲಿನ ಪಾತ್ರೆಗೆ ಬಿಸಿನೀರು ಹಾಯಿಸಿ ಒರೆಸಿ. ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ, ಒತ್ತುವ ತಟ್ಟೆಯನ್ನು ಸುಮ್ಮನೆ ಮೇಲೆ ಕೂರಿಸಿ. ಗಟ್ಟಿಯಾಗಿ ಅದುಮಬೇಡಿ. ಡೀಕ್ಯಾಫ್ ಬೀಜ ಪೆಡಸು, ಬೀಸಿದಾಗ ಧೂಳಿನಂಥ ನುಣುಪು ಪುಡಿ ಹೆಚ್ಚು ಬರುತ್ತದೆ. ಅದುಮಿದರೆ ಕೆಳಗಿನ ತೂತು ಕಟ್ಟಿಕೊಂಡು ಗಂಟೆಗಟ್ಟಲೆ ತೊಟ್ಟಿಕ್ಕುತ್ತಿರುತ್ತದೆ.

ನೀರು 'ಕುದಿಸಿ, ಆರಿಸಿ, ಆಮೇಲೆ ಹಾಕಿ' ಅಂತ ಬಹಳ ಕಡೆ ಓದಿರುತ್ತೀರಿ. ಅದು ಸಮುದ್ರದ ಮಟ್ಟದಲ್ಲಿರುವವರ ಮಾತು. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 96-97 ಡಿಗ್ರಿಗೆ. ಹಾಸನದಲ್ಲೂ ಹೆಚ್ಚು ಕಡಿಮೆ ಇಷ್ಟೇ. ಒಲೆಯಿಂದ ಇಳಿಸಿದ ತಕ್ಷಣ ಹಾಕಿ. ಮೊದಲು ಪುಡಿ ನೆನೆಯುವಷ್ಟು, ಎರಡು ಮೂರು ಚಮಚ ಮಾತ್ರ. ಅರ್ಧ ನಿಮಿಷ ನೋಡಿ. ಹೊಸ ಪೀಬೆರಿ ಪುಡಿಯಂತೆ ಇದು ನೊರೆಯೆದ್ದು ಉಬ್ಬುವುದಿಲ್ಲ, ಅಲ್ಲಲ್ಲಿ ಸಣ್ಣ ಗುಳ್ಳೆ ಬಂದು ಕೂರುತ್ತದೆ. ಪುಡಿ ಹಳೆಯದೆಂದು ಗಾಬರಿಯಾಗಬೇಡಿ. ಆಮೇಲೆ ನಿಧಾನವಾಗಿ ಸುತ್ತ ಹಾಯಿಸುತ್ತ ಸುಮಾರು 150 ಮಿಲಿಲೀಟರ್ ಹಾಕಿ ಮುಚ್ಚಿ.

ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಇಳಿದರೆ ಸರಿಯಾಗಿದೆ. ಐದೇ ನಿಮಿಷದಲ್ಲಿ ಸರ್ರನೆ ಇಳಿದರೆ ಮುಂದಿನ ಸಲ ಇನ್ನೂ ನುಣ್ಣಗೆ ಬೀಸಿಸಿ. ಒಂದು ಗಂಟೆಯಾದರೂ ಅರ್ಧವೂ ಇಳಿಯದಿದ್ದರೆ ತುಸು ತರಿಯಾಗಿ. ಈ ಒಂದು ವಿಷಯ ಸರಿಪಡಿಸಿದರೆ ಡೀಕ್ಯಾಫ್ ಬಗ್ಗೆ ಇರುವ ಅರ್ಧ ದೂರು ಹೋಗುತ್ತದೆ.

ಹಾಲಿನ ವಿಷಯಕ್ಕೆ ಬರೋಣ. ಒಂದು ಪಾಲು ಡಿಕಾಕ್ಷನ್‌ಗೆ ನಾಲ್ಕು ಪಾಲು ಹಾಲು ಹಾಕುವ ಅಭ್ಯಾಸ ಚಿಕೋರಿ ಮಿಶ್ರಣಕ್ಕೆ ಹುಟ್ಟಿದ್ದು. ಚಿಕೋರಿಯಿಂದ ಡಿಕಾಕ್ಷನ್ ಮಂದವಾಗುತ್ತದೆ, ಹಾಲನ್ನು ತಡೆದುಕೊಳ್ಳುತ್ತದೆ. ಚಿಕೋರಿ ಇಲ್ಲದ ಡೀಕ್ಯಾಫ್‌ಗೆ ಎರಡು ಪಾಲು, ಹೆಚ್ಚೆಂದರೆ ಎರಡೂವರೆ. ಹಾಲು ಗಟ್ಟಿಯಾಗಿರಲಿ, ಒಂದೇ ಉಕ್ಕು ಬರಿಸಿ ಇಳಿಸಿ. ಬಹಳ ಹೊತ್ತು ಕುದಿಸಿದ ಹಾಲಿನ ವಾಸನೆ ಕಾಫಿಯದನ್ನು ಹೊಡೆದುಹಾಕುತ್ತದೆ. ಡಿಕಾಕ್ಷನ್ ಮತ್ತೆ ಒಲೆಯ ಮೇಲೆ ಇಡಲೇಬೇಡಿ. ಸಕ್ಕರೆ ಮೊದಲ ಸಲ ಎಂದಿನ ಅರ್ಧ ಹಾಕಿ ರುಚಿ ನೋಡಿ. ಕಾಫಿಯ ಕಹಿಯಲ್ಲಿ ಕೆಫೀನ್‌ನ ಪಾಲು ಸಣ್ಣದು, ಹುರಿದಾಗ ಹುಟ್ಟುವ ಬೇರೆ ವಸ್ತುಗಳದ್ದೇ ದೊಡ್ಡದು. ಆದ್ದರಿಂದ ಕಹಿ ಹೋಗಿರುವುದಿಲ್ಲ, ಅದರ ಮೊನೆ ಮಾತ್ರ ಮೊಂಡಾಗಿರುತ್ತದೆ.

ಕಪ್ಪು ಬೆಲ್ಲದ ಕಾಫಿ ಕುಡಿಯುವ ಮಲೆನಾಡಿನ ಹಳೇ ಮನೆಗಳವರಿಗೆ ಇನ್ನೂ ಸುಲಭ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿ ಡೀಕ್ಯಾಫ್ ಪುಡಿ ಹಾಕಿ, ನಾಲ್ಕು ನಿಮಿಷ ಮುಚ್ಚಿಟ್ಟು ಬಟ್ಟೆಯಲ್ಲಿ ಸೋಸಿ. ಒಂದು ಕಾಳು ಏಲಕ್ಕಿ ಬೇಕಾದರೆ. ಶುಗರ್‌ಕೇನ್ ಬಗೆಯದು ಇದಕ್ಕೆ ಹೇಳಿ ಮಾಡಿಸಿದ್ದು.

ಒಮ್ಮೆಗೇ ಬಿಡಬೇಡಿ

ದಿನಾ ಮೂರು ನಾಲ್ಕು ಲೋಟ ಕುಡಿಯುವವರು ಸೋಮವಾರದಿಂದ ಪೂರ್ತಿ ಡೀಕ್ಯಾಫ್ ಎಂದು ಶಪಥ ಮಾಡಿದರೆ ಮಂಗಳವಾರ ಹಣೆ ಸಿಡಿಯುತ್ತದೆ. ಕೊನೆಯ ಕಾಫಿಯಾದ 12ರಿಂದ 24 ಗಂಟೆಯೊಳಗೆ ತಲೆನೋವು, ಜೋಂಪು, ಸಿಡಿಮಿಡಿ ಶುರುವಾಗುತ್ತದೆ, ಕೆಲವರಿಗೆ ವಾರದವರೆಗೂ ಇರುತ್ತದೆ. ಅದಕ್ಕೆ ಬೆರಕೆಯೇ ದಾರಿ. ಮೊದಲ ವಾರ ಮುಕ್ಕಾಲು ಮಾಮೂಲಿ ಪುಡಿ, ಕಾಲು ಡೀಕ್ಯಾಫ್. ಮುಂದಿನ ವಾರ ಅರ್ಧ ಅರ್ಧ. ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ. ತೋಟದ ಅರೇಬಿಕಾ ಮನೆಯಲ್ಲೇ ಇರುವವರಿಗೆ ನಾನು ಮೊದಲು ಹೇಳುವುದೂ ಈ ಅರ್ಧ ಅರ್ಧವನ್ನೇ: ಪರಿಮಳ ನಿಮ್ಮ ಬೀಜದಿಂದ, ಪ್ರಮಾಣ ಡೀಕ್ಯಾಫ್‌ನಿಂದ, ಖರ್ಚೂ ಅರ್ಧ. ಬೆಳಗಿನ ಲೋಟವನ್ನು ಮುಟ್ಟಲೇಬೇಡಿ. ಅದನ್ನು ಕಿತ್ತುಕೊಂಡರೆ ಯಾವ ನಿಯಮವೂ ಮನೆಯಲ್ಲಿ ಬಾಳುವುದಿಲ್ಲ.

ಡೀಕ್ಯಾಫ್ ಏನು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಎದೆಯುರಿ, ಹುಳಿತೇಗಿಗಾಗಿ ಬದಲಾಯಿಸಿದರೆ ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ, ಏಕೆಂದರೆ ಹೊಟ್ಟೆಯ ಆಮ್ಲ ಕೆರಳಿಸುವ ಬೇರೆ ಅಂಶಗಳು ಕಾಫಿಯಲ್ಲಿ ಉಳಿದೇ ಇರುತ್ತವೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರು ಇದನ್ನೂ ಊಟಕ್ಕೆ, ಮಾತ್ರೆಗೆ ಒಂದು ಗಂಟೆ ಹಿಂದೆ ಮುಂದೆ ಕುಡಿಯಬೇಕು. ಕಬ್ಬಿಣ ಹೀರಿಕೆಗೆ ಅಡ್ಡ ಬರುವುದು ಕೆಫೀನ್ ಅಲ್ಲ, ಪಾಲಿಫಿನಾಲ್‌ಗಳು, ಅವು ಡೀಕ್ಯಾಫ್‌ನಲ್ಲೂ ಇವೆ. ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಮಾಮೂಲಿ ಕಾಫಿಯ ಕೆಫೀನ್ ಮೈಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಆ ಐದಾರು ದಿನ ಡೀಕ್ಯಾಫ್ ಡಬ್ಬಿ ಉಪಯೋಗಕ್ಕೆ ಬರುತ್ತದೆ. ಹೃದಯದ ಬಡಿತ ತಪ್ಪುವ ತೊಂದರೆ ಇದ್ದವರು, ಗರ್ಭಿಣಿಯರು ಎಷ್ಟು ಕುಡಿಯಬಹುದೆಂದು ತಮ್ಮ ವೈದ್ಯರನ್ನೇ ಕೇಳಿ. ಕೇಳುವಾಗ ಲೋಟದ ಗಾತ್ರ, ಪುಡಿ ಅರೇಬಿಕಾವೋ ರೋಬಸ್ಟಾವೋ ಎಂಬುದನ್ನೂ ಹೇಳಿ, ಇಲ್ಲವಾದರೆ ಅವರ 'ದಿನಕ್ಕೆ ಎರಡು' ಮತ್ತು ನಿಮ್ಮ 'ದಿನಕ್ಕೆ ಎರಡು' ಬೇರೆ ಬೇರೆಯಾಗಿಬಿಡುತ್ತವೆ.